ಗುಡ್ಡದ ಮೇಲಿಂದ ಎಷ್ಟು ಕಾಣುತ್ತದೆ?

ಗುಡ್ಡ ಹತ್ತಿ ನಿಂತರೆ ಸುತ್ತಮುತ್ತಲಿನದೆಲ್ಲ ಕಾಣುತ್ತದೆ ಎಂಬುದು ಎಲ್ಲರ ತಿಳಿವಳಿಕೆ. ಇದರಲ್ಲಿ ಅರ್ಧ ಮಾತ್ರ ನಿಜ. ತುದಿಯಲ್ಲಿ ನಿಂತವನಿಗೆ ಹತ್ತು ಕಿ.ಮೀ. ಆಚೆಯ ಗುಡಿಯ ಗೋಪುರ ಕಾಣಬಹುದು, ಎರಡೇ ಕಿ.ಮೀ. ದೂರದ ಹಳ್ಳದಲ್ಲಿ ಮೇಯುತ್ತಿರುವ ಇನ್ನೂರು ಕುರಿಗಳ ಮಂದೆ ಕಾಣದೆ ಹೋಗಬಹುದು. ದೂರದ್ದು ಕಂಡು ಹತ್ತಿರದ್ದು ಮರೆಯಾಗುವ ಈ ವಿಚಿತ್ರ ಕುರಿ ಕಾಯುವವರಿಗೆಲ್ಲ ಗೊತ್ತು.

ಹಾಗಾದರೆ ಒಂದು ಜಾಗದಲ್ಲಿ ನಿಂತರೆ ಯಾವ ಯಾವ ನೆಲ ಕಾಣುತ್ತದೆ, ಯಾವುದು ಮರೆಯಾಗುತ್ತದೆ? ಅಲ್ಲಿಗೆ ಹೋಗದೆಯೇ ಲೆಕ್ಕ ಮಾಡಿ ಹೇಳಲು ಸಾಧ್ಯವೆ? ಸಾಧ್ಯ. ಲೆಕ್ಕವೂ ಪ್ರೌಢಶಾಲೆಯ ಮಕ್ಕಳು ಮಾಡಬಹುದಾದಷ್ಟು ಸುಲಭ. ಆದರೆ ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ಈಗ ಇದು ಬರಿಯ ಪಾಠದ ಪ್ರಶ್ನೆಯಾಗಿ ಉಳಿದಿಲ್ಲ.

ಕಾವಲಿನ ಬಯಲು

ಕುದಾಪುರ ಒಂದು ಕಾಲಕ್ಕೆ ಅಮೃತ ಮಹಲ್ ಕಾವಲಿನ ಊರು. ಮೈಸೂರು ಅರಸರ ಕಾಲದಿಂದ ಸರ್ಕಾರದ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳು ಈ ಭಾಗದಲ್ಲಿ ಸಾಲಾಗಿದ್ದವು. ಮಳೆ ಕಡಿಮೆ, ಮರ ಕಡಿಮೆ. ಅಲ್ಲಲ್ಲಿ ಮರಡಿಗಳು, ನಡುವೆ ತಗ್ಗು, ಹಳ್ಳ, ಜಾಲಿಯ ಪೊದೆ. ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವನ್ನು 2007ರ ನಂತರದ ವರ್ಷಗಳಲ್ಲಿ ಹಲವು ಸಂಸ್ಥೆಗಳಿಗೆ ಕೊಡಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತು ಅದರ ಎರಡನೆಯ ಆವರಣ ಅಲ್ಲಿ ತಲೆಯೆತ್ತಿತು. ರಾಜ್ಯದ ಸಾವಿರಾರು ವಿಜ್ಞಾನ ಶಿಕ್ಷಕರು ತರಬೇತಿ ಪಡೆದಿರುವುದು ಇಲ್ಲಿಯೇ. ಪಕ್ಕದ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಬಂತು. 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು.

ಈ ಪರೀಕ್ಷಾ ವಲಯದಲ್ಲಿ ಹಾರುವುದು ಪೈಲಟ್ ಇಲ್ಲದ ವಿಮಾನಗಳು. ಉದ್ಘಾಟನೆಗೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ವಿಮಾನ ಇಲ್ಲಿಂದ ಮೊದಲ ಸಲ ಹಾರಿತು. ಅದಕ್ಕೆ ತಪಸ್ ಎಂಬ ಹೆಸರೂ ಉಂಟು. ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯುಳ್ಳ ವಾಹನವನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನಾಗಿಯೇ ಇಳಿದು ನಿಂತದ್ದೂ ಇಲ್ಲಿಯ ಓಡುಹಾದಿಯ ಮೇಲೆ. 2024ರಲ್ಲಿ ಇಂಥ ಇನ್ನೆರಡು ಪ್ರಯೋಗಗಳು ಯಶಸ್ವಿಯಾದವು.

ಪೈಲಟ್ ಇಲ್ಲದ ವಿಮಾನಕ್ಕೂ ನೆಲದ ಮೇಲಿನ ಆಂಟೆನಾಕ್ಕೂ ನಡುವೆ ಒಂದು ಕಾಣದ ದಾರವಿದೆ ಎಂದುಕೊಳ್ಳಬಹುದು. ರೇಡಿಯೋ ಸಂಕೇತವೇ ಆ ದಾರ. ಇಂಥ ಸಂಪರ್ಕಕ್ಕೆ ಬಳಸುವ ಕಿರುತರಂಗಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ದಾರ ಕಡಿಯುತ್ತದೆ. ಉಪಗ್ರಹದ ಮೂಲಕ ಸುತ್ತಿ ಬರುವ ದಾರಿ ಉಂಟಾದರೂ ಹತ್ತಿರದ ಹಾರಾಟಕ್ಕೆ, ಅದರಲ್ಲೂ ಏರುವಾಗ ಇಳಿಯುವಾಗ, ನೇರ ನೋಟದ ಸಂಪರ್ಕವೇ ಆಸರೆ. ಕೆಳಗಿರುವುದಾದರೋ ಶೇಂಗಾ ಹೊಲ, ಹಟ್ಟಿ, ಜನ. 2019ರ ಸೆಪ್ಟೆಂಬರ್ 17ರಂದು ಇಂಥ ಒಂದು ವಿಮಾನ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನಲ್ಲಿ ಬಿತ್ತು. ಎರಡು ಸಲವೂ ಜೀವಹಾನಿಯಾಗಲಿಲ್ಲ. ಕಾರಣ ಏನೇ ಇರಲಿ, ಹಾರುವ ಯಂತ್ರದ ಮೇಲಿನ ಹಿಡಿತ ತಪ್ಪಿದರೆ ಅದು ಯಾರ ತಲೆಯ ಮೇಲಿನ ಮಾತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಆಂಟೆನಾ ನಿಲ್ಲಿಸುವ ಮೊದಲು ಅಲ್ಲಿಂದ ಎಲ್ಲೆಲ್ಲಿ ಕಾಣುತ್ತದೆ, ಎಲ್ಲೆಲ್ಲಿ ಮರೆ ಎಂದು ತಿಳಿಯಲೇಬೇಕು.

ಮಳೆಯ ನೀರು ಒಂದು ಹಳ್ಳಕ್ಕೆ ಹರಿದು ಬರುವಷ್ಟು ನೆಲವನ್ನು ಜಲಾನಯನ ಪ್ರದೇಶ ಎನ್ನುತ್ತಾರೆ. ಅದೇ ರೀತಿ ಒಂದು ಜಾಗದಿಂದ ನೋಟ ತಲಪುವಷ್ಟು ನೆಲವನ್ನು ದೃಶ್ಯವಲಯ ಎನ್ನಬಹುದು.

ಲೆಕ್ಕ ಹೀಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದರಲ್ಲಿಯ ಎತ್ತರಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ನೆಲದ ಮೇಲೆ 10 ಮೀಟರ್ ಕಂಬ ನೆಟ್ಟು ಅದರ ತುದಿಗೆ ಆಂಟೆನಾ ಕಟ್ಟಲಾಗಿದೆ. ಅಂದರೆ ಆಂಟೆನಾದ ಎತ್ತರ 610 ಮೀಟರ್. ಅಲ್ಲಿಂದ ಒಂದೇ ದಿಕ್ಕಿಗೆ ನೇರ ಗೆರೆ ಎಳೆದು ಎರಡೆರಡು ಕಿ.ಮೀ.ಗೆ ನೆಲದ ಎತ್ತರ ಬರೆದುಕೊಂಡರೆ ಹೀಗೆ ಬಂತೆನ್ನಿ: 2 ಕಿ.ಮೀ.ಯಲ್ಲಿ 604 ಮೀಟರ್, 4ರಲ್ಲಿ 622, 6ರಲ್ಲಿ 615, 8ರಲ್ಲಿ 640, 10ರಲ್ಲಿ 645.

ಪ್ರತಿ ಜಾಗಕ್ಕೂ ನೋಟದ ಗೆರೆ ಎಷ್ಟು ಏರಬೇಕು ಎಂದು ನೋಡಬೇಕು. ಆ ಜಾಗದ ಎತ್ತರದಲ್ಲಿ 610 ಕಳೆದು, ಉಳಿದದ್ದನ್ನು ದೂರದಿಂದ ಭಾಗಿಸಿದರೆ ಆಯಿತು. 2 ಕಿ.ಮೀ.ಯ ಜಾಗ ಕೆಳಗಿದೆ, ಅಲ್ಲಿಗೆ ಕಿ.ಮೀ.ಗೆ 3 ಮೀಟರ್ ಇಳಿಯಬೇಕು. ಕಾಣುತ್ತದೆ. 4 ಕಿ.ಮೀ.ಯ ಜಾಗಕ್ಕೆ ಕಿ.ಮೀ.ಗೆ 3 ಮೀಟರ್ ಏರಬೇಕು. ಇದುವರೆಗಿನದರಲ್ಲಿ ಇದೇ ಹೆಚ್ಚು, ಆದ್ದರಿಂದ ಇದೂ ಕಾಣುತ್ತದೆ. 6 ಕಿ.ಮೀ.ಯ ಜಾಗಕ್ಕೆ ಏರು ಕೇವಲ 0.83. ನಡುವೆ 3ರ ಏರಿನ ದಿಬ್ಬ ಕುಳಿತಿರುವುದರಿಂದ ಇದು ಮರೆ. 8 ಕಿ.ಮೀ.ಗೆ ಏರು 3.75. ಹಿಂದಿನ 3ಕ್ಕಿಂತ ಹೆಚ್ಚಾದ್ದರಿಂದ ಮತ್ತೆ ಕಾಣುತ್ತದೆ.

10 ಕಿ.ಮೀ.ಯ ಜಾಗವನ್ನು ಗಮನಿಸಿ. ಅದರ ಎತ್ತರ 645 ಮೀಟರ್. ಇದುವರೆಗಿನ ಎಲ್ಲ ಜಾಗಗಳಿಗಿಂತ ಎತ್ತರ, 8 ಕಿ.ಮೀ.ಯ ದಿಬ್ಬಕ್ಕಿಂತಲೂ 5 ಮೀಟರ್ ಹೆಚ್ಚು. ಆದರೂ ಅದರ ಏರು 3.5 ಮಾತ್ರ. 3.75ಕ್ಕಿಂತ ಕಡಿಮೆ. ಹೀಗಾಗಿ ಅದು ಮರೆ! ಮುಂದಿರುವ ದಿಬ್ಬಕ್ಕಿಂತ ಹಿಂದಿನ ಗುಡ್ಡ ಎತ್ತರವಾಗಿದ್ದ ಮಾತ್ರಕ್ಕೆ ಕಾಣಬೇಕೆಂದಿಲ್ಲ. ಎತ್ತರಕ್ಕಿಂತ ಏರು ಮುಖ್ಯ. ನೋಡುವಲ್ಲಿಂದ ಹೊರಟು, ಇದುವರೆಗೆ ಸಿಕ್ಕ ಅತಿ ಹೆಚ್ಚಿನ ಏರು ಯಾವುದು ಎಂಬ ಒಂದೇ ಅಂಕಿಯನ್ನು ನೆನಪಿಟ್ಟುಕೊಂಡು ಮುಂದೆ ಸಾಗಬೇಕು. ಹೊಸ ಜಾಗ ಅದನ್ನು ಮೀರಿದರೆ ಕಾಣುತ್ತದೆ, ಮೀರದಿದ್ದರೆ ಕಾಣುವುದಿಲ್ಲ. ಇಡೀ ವಿದ್ಯೆಯ ಗುಟ್ಟು ಇಷ್ಟೆ.

ಭೂಮಿಯ ಬೆನ್ನು

ಆದರೆ ಮೇಲಿನ ಲೆಕ್ಕದಲ್ಲಿ ಭೂಮಿಯನ್ನು ಚಪ್ಪಟೆ ಎಂದು ಎಣಿಸಿದಂತಾಯಿತು. ಭೂಮಿ ಗುಂಡಗಿದೆ, ದೂರ ಹೋದಂತೆ ನೆಲ ನೋಟದ ಗೆರೆಯಿಂದ ಕೆಳಕ್ಕೆ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂದು ತಿಳಿಯಲು ದೂರವನ್ನು ವರ್ಗ ಮಾಡಿ ಭೂಮಿಯ ವ್ಯಾಸದಿಂದ ಭಾಗಿಸಬೇಕು. 10 ಕಿ.ಮೀ.ಗೆ ಸುಮಾರು 8 ಮೀಟರ್, 20 ಕಿ.ಮೀ.ಗೆ 31 ಮೀಟರ್, 50 ಕಿ.ಮೀ.ಗೆ 196 ಮೀಟರ್. ದೂರ ಇಮ್ಮಡಿಯಾದರೆ ಬಾಗು ನಾಲ್ಕು ಪಟ್ಟಾಗುತ್ತದೆ.

ಉದಾಹರಣೆಯ ಗೆರೆಯನ್ನೇ ಇನ್ನೂ ಮುಂದುವರಿಸಿ, 12 ಕಿ.ಮೀ.ಯಲ್ಲಿ 657 ಮೀಟರ್ ಎತ್ತರದ ಗುಡ್ಡವಿದೆ ಎನ್ನಿ. ಚಪ್ಪಟೆ ಭೂಮಿಯ ಲೆಕ್ಕದಲ್ಲಿ ಅದರ ಏರು 3.92. ಕಾಣಲೇಬೇಕು. ಬಾಗನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದರೆ 8 ಕಿ.ಮೀ.ಯ ದಿಬ್ಬದ ಏರು 3.12ಕ್ಕೆ ಇಳಿಯುತ್ತದೆ, 12 ಕಿ.ಮೀ.ಯ ಗುಡ್ಡದ್ದು 2.98ಕ್ಕೆ ಇಳಿಯುತ್ತದೆ. ಕಾಣಬೇಕಾಗಿದ್ದ ಗುಡ್ಡ ಮರೆಯಾಯಿತು! ಅದನ್ನು ಕಾಣಿಸಬೇಕಾದರೆ ಏನು ಮಾಡಬೇಕು? ದಿಬ್ಬವನ್ನು ಅಗೆಯಬೇಕಾಗಿಲ್ಲ. ಕಂಬವನ್ನು 10 ಮೀಟರಿನಿಂದ 14 ಮೀಟರಿಗೆ ಏರಿಸಿದರೆ ಸಾಕು, ಗುಡ್ಡದ ತುದಿ ಮೇಲೆ ಬರುತ್ತದೆ. 4 ಮೀಟರ್ ಕಬ್ಬಿಣದ ಪ್ರಶ್ನೆ. ಈ 4 ಮೀಟರನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಮರೆಯ ಆಳವನ್ನೂ ಈ ಲೆಕ್ಕ ಹೇಳುತ್ತದೆ. ಕಂಬ 10 ಮೀಟರ್ ಇದ್ದಾಗ 6 ಕಿ.ಮೀ.ಯ ತಗ್ಗಿನಲ್ಲಿ ನೆಲದಿಂದ ಸುಮಾರು 14 ಮೀಟರ್ ಎತ್ತರದವರೆಗೆ ಎಲ್ಲವೂ ಮರೆ. ಅದಕ್ಕಿಂತ ಮೇಲೆ ಹಾರುವ ವಿಮಾನ ಆಂಟೆನಾಕ್ಕೆ ಕಾಣುತ್ತದೆ. ಅದಕ್ಕಿಂತ ಕೆಳಗಿಳಿದರೆ ಕಾಣೆಯಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಹೆಸರು ಈ ಸೀಮೆಯವರಿಗೆ ಹೊಸದಲ್ಲ. ಅಶೋಕನ ಶಾಸನವಿರುವ ಬೆಟ್ಟ ಅದು. ಸೀತೆಯನ್ನು ಬಿಡಿಸಲು ಹೋಗಿ ರಾವಣನಿಂದ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಅಲ್ಲಿ ಎಂದು ಜನರ ನಂಬಿಕೆ. ಜಟಾಯುವಿನ ಅಣ್ಣ ಸಂಪಾತಿ ದಕ್ಷಿಣದ ಕಡಲ ತೀರದಲ್ಲಿ ಕುಳಿತೇ ನೂರು ಯೋಜನ ದೂರದ ಲಂಕೆಯಲ್ಲಿದ್ದ ಸೀತೆಯನ್ನು ಕಂಡನೆಂದು ರಾಮಾಯಣ ಹೇಳುತ್ತದೆ. ಯೋಜನಕ್ಕೆ ಕಡಿಮೆಯೆಂದರೂ 8 ಕಿ.ಮೀ. ಹಿಡಿದರೆ 800 ಕಿ.ಮೀ. ಆಯಿತು. ಗುಂಡಗಿನ ಭೂಮಿಯ ಮೇಲೆ ಅಷ್ಟು ದೂರದ ನೆಲ ಕಾಣಬೇಕಾದರೆ ಸುಮಾರು 50 ಕಿ.ಮೀ. ಎತ್ತರದಲ್ಲಿ ಇರಬೇಕಾಗುತ್ತದೆ. ಕಣ್ಣು ಎಷ್ಟೇ ಚುರುಕಾಗಿದ್ದರೂ ಭೂಮಿಯ ಬೆನ್ನು ಅಡ್ಡ ಬರುತ್ತದೆ. ಬಯಲಿನಲ್ಲಿ ನಿಂತ ಸಾಧಾರಣ ಎತ್ತರದ ಮನುಷ್ಯನಿಗೆ ದಿಗಂತ ನಾಲ್ಕೂವರೆ ಕಿ.ಮೀ. ದೂರದಲ್ಲೇ ಮುಗಿಯುತ್ತದೆ.

ಇನ್ನೊಂದು ಸಂಗತಿಯುಂಟು. ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ದಟ್ಟ. ಅದರಲ್ಲಿ ಹಾಯುವ ಬೆಳಕು ತುಸು ಕೆಳಕ್ಕೆ ಬಾಗುತ್ತದೆ. ಇದರಿಂದ ಭೂಮಿಯ ಬಾಗಿನ ಸುಮಾರು ಏಳನೆಯ ಒಂದು ಪಾಲು ಕಡಿಮೆಯಾದಂತೆ ಆಗುತ್ತದೆ. ರೇಡಿಯೋ ತರಂಗಗಳಿಗೆ ಈ ಲಾಭ ಇನ್ನೂ ಹೆಚ್ಚು, ಸುಮಾರು ನಾಲ್ಕನೆಯ ಒಂದು ಪಾಲು. 2023ರ ಜೂನ್ 16ರಂದು ತಪಸ್ ವಿಮಾನ ಇಲ್ಲಿಂದ ಹಾರಿ, 20,000 ಅಡಿ ಎತ್ತರದಲ್ಲಿದ್ದಾಗ ಅದರ ನಿಯಂತ್ರಣವನ್ನು ಕಾರವಾರದಿಂದ 148 ಕಿ.ಮೀ. ದೂರ ಕಡಲಿನಲ್ಲಿದ್ದ ಐ.ಎನ್.ಎಸ್. ಸುಭದ್ರಾ ಹಡಗಿಗೆ ಒಪ್ಪಿಸಲಾಯಿತು. ಹಡಗು 40 ನಿಮಿಷ ಅದನ್ನು ನಡೆಸಿತು. ಬಳಿಕ ವಿಮಾನ ಮರಳಿ ಚಿತ್ರದುರ್ಗ ಜಿಲ್ಲೆಗೇ ಬಂದು ಇಳಿಯಿತು. ಪರೀಕ್ಷಾ ವಲಯಕ್ಕೂ ಕಾರವಾರದ ನೌಕಾನೆಲೆಗೂ 285 ಕಿ.ಮೀ. ಅಂತರ. 20,000 ಅಡಿ ಎಂದರೆ ಸುಮಾರು 6,100 ಮೀಟರ್. ಆ ಎತ್ತರದಿಂದ ಕಣ್ಣಿನ ದಿಗಂತ ಸುಮಾರು 280 ಕಿ.ಮೀ., ರೇಡಿಯೋ ದಿಗಂತ ಸುಮಾರು 320 ಕಿ.ಮೀ. ಕಾವಲಿನ ಬಯಲಿನಿಂದ ಕಡಲಿನ ಹಡಗು ಎಂದಿಗೂ ಕಾಣದು. ನಡುವೆ ಪಶ್ಚಿಮ ಘಟ್ಟವೇ ಇದೆ. ಆದರೆ ಎರಡಕ್ಕೂ ನಡುವೆ ಆಕಾಶದಲ್ಲಿ ತೂಗುವ ವಿಮಾನದ ದೃಶ್ಯವಲಯ ಎರಡು ಕಡೆಗೂ ಚಾಚಬಲ್ಲದು. ನೂರು ಅಡಿಯಲ್ಲಿ ಹಾರುವ ವಿಮಾನಕ್ಕೆ ಈ ಸೌಲಭ್ಯವಿಲ್ಲ.

ಬೆಟ್ಟದಿಂದ ಬೆಟ್ಟಕ್ಕೆ

ಈ ಲೆಕ್ಕ ಇಂದಿನದಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ತಳರೇಖೆ ಅಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದಾಗ ಅವನ ಮುಂದಿದ್ದ ಮೊದಲ ಪ್ರಶ್ನೆಯೇ ಇದು: ಯಾವ ಬೆಟ್ಟದಿಂದ ಯಾವ ಬೆಟ್ಟ ಕಾಣುತ್ತದೆ? ಒಂದಕ್ಕೊಂದು ಕಾಣುವ ಮೂರು ತುದಿಗಳು ಸಿಕ್ಕದೆ ತ್ರಿಕೋನವಿಲ್ಲ. ದಕ್ಷಿಣದಲ್ಲಿ ಬೆಟ್ಟಗಳು ಹೇರಳವಾಗಿದ್ದುದರಿಂದ, ಬೆಟ್ಟವಿಲ್ಲದ ಕಡೆ ದೇವಾಲಯದ ಗೋಪುರಗಳಿದ್ದುದರಿಂದ ಕೆಲಸ ಸಾಗಿತು. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಗಂಗೆಯ ಬಯಲಿಗೆ ಹೋದಾಗ ಹತ್ತಲು ಬೆಟ್ಟವೇ ಇರಲಿಲ್ಲ. ಭೂಮಿಯ ಬಾಗನ್ನು ಗೆಲ್ಲಲು ಅವನು ಕಲ್ಲು ಇಟ್ಟಿಗೆಗಳ ಗೋಪುರಗಳನ್ನೇ ಕಟ್ಟಿಸಬೇಕಾಯಿತು. ಹಗಲು ಕಾಣದ ದೂರದ ಗುರುತು ರಾತ್ರಿ ದೀಪ ಉರಿಸಿದರೆ ಕಾಣುತ್ತದೆ ಎಂಬುದನ್ನೂ ಅವನು ಕಂಡುಕೊಂಡ. ತಂಪಾದ ರಾತ್ರಿಯ ಗಾಳಿ ಬೆಳಕನ್ನು ಹೆಚ್ಚು ಬಾಗಿಸುವುದೇ ಇದಕ್ಕೆ ಕಾರಣ.

ಚಿತ್ರದುರ್ಗದ ಕೋಟೆ ಕಟ್ಟಿದವರಿಗೂ ಇದು ತಿಳಿಯದ ಸಂಗತಿಯಲ್ಲ. ಬಂಡೆಗಳ ನೆತ್ತಿಯ ಮೇಲೆ ಬತೇರಿಗಳನ್ನು ಕಟ್ಟಿ ನಾಲ್ಕೂ ದಿಕ್ಕಿನ ಬಯಲನ್ನು ಕಾದರು. ಬಯಲಿನಲ್ಲಿ ಬರುವ ದಂಡು ದೂರದಿಂದಲೇ ಕಾಣುತ್ತಿತ್ತು. ಆದರೆ ಕಡಿದಾದ ಬಂಡೆಯ ಮೇಲೆ ನಿಂತವನಿಗೆ ಅದರ ಬುಡ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಹೈದರಾಲಿಯ ಸೈನಿಕರು ನುಸುಳಲು ಆರಿಸಿಕೊಂಡದ್ದು ದೊಡ್ಡ ಬಾಗಿಲನ್ನಲ್ಲ, ಬಂಡೆಗಳ ನಡುವಿನ ಒಂದು ಕಿಂಡಿಯನ್ನು ಎಂದು ಒನಕೆ ಓಬವ್ವನ ಕಥೆ ಹೇಳುತ್ತದೆ. ಆ ಮರೆಯನ್ನು ಕಾದದ್ದು ನೆತ್ತಿಯ ಮೇಲಿನ ಬತೇರಿಯಲ್ಲ, ಪಕ್ಕದಲ್ಲೇ ಇದ್ದ ಒಬ್ಬ ಹೆಂಗಸಿನ ಕಣ್ಣು.

ಮೂವತ್ತೊಂದು ಲಕ್ಷ ಚೌಕಗಳು

ಒಂದು ಗೆರೆಯ ಲೆಕ್ಕವನ್ನು ಕೈಯಲ್ಲಿ ಮಾಡಬಹುದು. ಸುತ್ತಲಿನ ಎಲ್ಲ ದಿಕ್ಕಿಗೂ ಮಾಡಬೇಕಾದರೆ ಕಂಪ್ಯೂಟರ್ ಬೇಕು. ಕಂಪ್ಯೂಟರಿಗೆ ಮೊದಲು ನೆಲದ ಎತ್ತರಗಳನ್ನು ಅಂಕಿಗಳಾಗಿ ಕೊಡಬೇಕು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಗಗನನೌಕೆ 11 ದಿನಗಳ ಯಾನದಲ್ಲಿ ರೇಡಾರ್ ಬಳಸಿ ಭೂಮಿಯ ಒಣನೆಲದ ನೂರಕ್ಕೆ 80 ಭಾಗದ ಎತ್ತರವನ್ನು ಅಳೆಯಿತು. 2005ರ ಮೇ 5ರಂದು ಹಾರಿದ ನಮ್ಮ ಕಾರ್ಟೊಸ್ಯಾಟ್-1 ಉಪಗ್ರಹ ಎರಡು ಕ್ಯಾಮೆರಾಗಳನ್ನು ಎರಡು ಕಣ್ಣುಗಳಂತೆ ಬಳಸಿ ತಗ್ಗುದಿಣ್ಣೆಗಳ ಚಿತ್ರ ತೆಗೆಯಿತು. ಈ ಎರಡರಿಂದಲೂ 30 ಮೀಟರಿಗೊಂದರಂತೆ ನೆಲದ ಎತ್ತರ ದೊರೆಯುತ್ತದೆ. ನೆಲವನ್ನೆಲ್ಲ ಚೌಕಗಳಾಗಿ ಹರಡಿ, ಪ್ರತಿ ಚೌಕದಲ್ಲಿ ಅಲ್ಲಿಯ ಎತ್ತರ ಬರೆದಿಟ್ಟ ದೊಡ್ಡ ಪಗಡೆಹಾಸು ಎಂದು ಇದನ್ನು ಊಹಿಸಿಕೊಳ್ಳಬಹುದು.

ಆಂಟೆನಾದ ಸುತ್ತ 30 ಕಿ.ಮೀ.ವರೆಗೆ ನೋಡಬೇಕೆಂದರೆ ಇಂಥ ಚೌಕಗಳು ಸುಮಾರು 31 ಲಕ್ಷವಾಗುತ್ತವೆ. ಪ್ರತಿ ಚೌಕಕ್ಕೂ ಆಂಟೆನಾದಿಂದ ಬೇರೆ ಬೇರೆ ಗೆರೆ ಎಳೆದು, ಗೆರೆಯ ಮೇಲಿನ ಎಲ್ಲ ಚೌಕಗಳ ಏರನ್ನು ಹೋಲಿಸುತ್ತ ಹೋದರೆ 200 ಕೋಟಿಗೂ ಹೆಚ್ಚು ಹೋಲಿಕೆಗಳು ಬೇಕು. ಇದಕ್ಕೆ ಒಂದು ಉಪಾಯವುಂಟು. ವೃತ್ತದ ಅಂಚಿನ ಚೌಕಗಳಿಗೆ ಮಾತ್ರ ಗೆರೆ ಎಳೆಯುವುದು. ದಾರಿಯಲ್ಲಿ ಸಿಗುವ ಚೌಕಗಳ ಉತ್ತರವನ್ನೂ ಅದೇ ಪಯಣದಲ್ಲಿ ಬರೆದುಕೊಂಡು ಹೋಗುವುದು. ಅಂಚಿನಲ್ಲಿ ಆರು ಸಾವಿರದ ಚಿಲ್ಲರೆ ಚೌಕಗಳು, ಗೆರೆಯೊಂದಕ್ಕೆ ಸಾವಿರ ಹೆಜ್ಜೆ. ಅಲ್ಲಿಗೆ 63 ಲಕ್ಷ ಹೋಲಿಕೆಗಳಲ್ಲಿ ಕೆಲಸ ಮುಗಿಯಿತು. 1990ರ ದಶಕದ ಕಂಪ್ಯೂಟರುಗಳು ನಿಧಾನ. ಹೀಗಾಗಿ ಆ ದಶಕದಲ್ಲಿ ಇಂಥ ಉಪಾಯಗಳಿಗೆ ಬಹಳ ಬೆಲೆ ಇತ್ತು. ಈಗ ಮನೆಯ ಕಂಪ್ಯೂಟರ್ ಕೂಡ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ. ನಕ್ಷೆಯ ಮೇಲೆ ಕಾಣುವ ನೆಲ ಒಂದು ಬಣ್ಣ, ಮರೆಯ ನೆಲ ಇನ್ನೊಂದು ಬಣ್ಣ.

ಮೊಬೈಲ್ ಗೋಪುರ ಎಲ್ಲಿ ನಿಲ್ಲಿಸಬೇಕು, ಕಾಡಿನ ಬೆಂಕಿ ಕಾಯುವ ಅಟ್ಟಣೆ ಎಲ್ಲಿರಬೇಕು, ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ಊರಿಗೆಲ್ಲ ಕಾಣುತ್ತವೆ, ಇವೆಲ್ಲಕ್ಕೂ ಇದೇ ಲೆಕ್ಕ. ಚಂದ್ರನಿಗೂ ಇದನ್ನೇ ಒಯ್ದಿದ್ದಾರೆ. ಇಸ್ರೋ ಚಂದ್ರಯಾನದ ಲ್ಯಾಂಡರಿನ ಕಣ್ಣುಗಳನ್ನು ಪರೀಕ್ಷಿಸಲು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ಅಗೆಸಿತ್ತು. ನಿಜವಾದ ಚಂದ್ರನ ಧ್ರುವಗಳ ಬಳಿ ಸೂರ್ಯನ ಬೆಳಕನ್ನೇ ಕಾಣದ ಕುಳಿಗಳಿವೆ. ಸೂರ್ಯನನ್ನೇ ನೋಡುವ ಕಣ್ಣೆಂದು ಎಣಿಸಿ, ಅವನಿಗೆ ಎಂದೂ ಕಾಣದ ನೆಲ ಯಾವುದೆಂದು ಲೆಕ್ಕ ಹಾಕಿದರೆ ಆ ಕುಳಿಗಳ ಪಟ್ಟಿ ಸಿಗುತ್ತದೆ. ನೀರಿನ ಹೆಪ್ಪುಗಳನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಅಂಥ ಜಾಗಗಳಲ್ಲಿ.

ಉತ್ತರವನ್ನು ಎಷ್ಟು ನಂಬಬೇಕು?

ಮೇಲಿನ ಉದಾಹರಣೆಯಲ್ಲಿ ಒಂದು ಗುಡ್ಡ ಕಾಣುವುದೋ ಇಲ್ಲವೋ ಎಂಬುದು 4 ಮೀಟರಿನ ಮೇಲೆ ನಿಂತಿತ್ತು. ಎಂಡೆವರ್ ಅಳತೆಗೆ ಗುರಿಯಾಗಿಟ್ಟುಕೊಂಡ ನಿಖರತೆ ಎಷ್ಟು ಗೊತ್ತೆ? ಹತ್ತರಲ್ಲಿ ಒಂಬತ್ತು ಕಡೆ ತಪ್ಪು 16 ಮೀಟರ್ ಮೀರಬಾರದು ಎಂದು. ಬಹುಪಾಲು ಕಡೆ ಅಳತೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಬಂದಿದೆ. ಕಾರ್ಟೊಸ್ಯಾಟ್ ಎತ್ತರಗಳಲ್ಲಿ ಈ ಮಿತಿ 8 ಮೀಟರ್. ಆದರೂ 4 ಮೀಟರಿನ ತೀರ್ಮಾನವನ್ನು 8 ಮೀಟರ್ ತಪ್ಪಬಹುದಾದ ಅಂಕಿಯ ಮೇಲೆ ಕೊಡುವುದು ಮೊಳ ಅಳೆಯುವ ಕೋಲಿನಿಂದ ಗೇಣು ಅಳೆದಂತೆ. ಅದರಲ್ಲೂ ಬಯಲುಸೀಮೆಯ ಕಾವಲಿನಲ್ಲಿ ಏರಿಳಿತ ಸಣ್ಣದು. ಮಲೆನಾಡಿನ ನೂರಾರು ಮೀಟರ್ ಬೆಟ್ಟದ ಎದುರು 8 ಮೀಟರ್ ಲೆಕ್ಕಕ್ಕಿಲ್ಲ. ಇಲ್ಲಿಯ ಮರಡಿಯ ಎದುರು ಅದು ದೊಡ್ಡದು. ನೆಲ ಸಮನಾದಷ್ಟೂ ಈ ಲೆಕ್ಕ ಮೋಸ ಹೋಗುವುದು ಹೆಚ್ಚು.

ಎರಡನೆಯದಾಗಿ, 30 ಮೀಟರಿನ ಚೌಕಕ್ಕೆ ಒಂದೇ ಎತ್ತರ. ಅದರೊಳಗಿನ ಬದು, ಬಂಡೆ, ಮನೆ ಎಲ್ಲ ಆ ಒಂದು ಅಂಕಿಯಲ್ಲಿ ಕರಗಿಹೋಗುತ್ತವೆ. ಬಳ್ಳಾರಿ ಜಾಲಿ ಹತ್ತು ವರ್ಷದಲ್ಲಿ ಬೆಳೆದು ನಿಂತರೆ ನಕ್ಷೆಗೆ ಅದು ಗೊತ್ತಿಲ್ಲ. ಮೂರನೆಯದು ಗಾಳಿ. ಲೆಕ್ಕ ಹೇಳುವುದು ಅಡ್ಡಿ ಇಲ್ಲ ಎಂದು ಮಾತ್ರ. ಬೇಸಿಗೆಯ ದೂಳಿನಲ್ಲಿ 30 ಕಿ.ಮೀ. ದೂರದ ಗುಡ್ಡ ಕಣ್ಣಿಗೆ ಕಾಣುತ್ತದೆ ಎಂದಲ್ಲ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗಾಳಿಯ ಸೂಕ್ಷ್ಮ ಕಣಗಳನ್ನು ಅಳೆಯುವ ಹವಾಗುಣ ವೀಕ್ಷಣಾಲಯವೇ ಇದೆ.

ಬ್ರಿಟನ್ನಿನ ಭೂಗೋಳ ತಜ್ಞ ಪೀಟರ್ ಫಿಶರ್ 1990ರ ದಶಕದ ಮೊದಲ ವರ್ಷಗಳಲ್ಲಿ ಈ ತೊಡಕನ್ನು ಎತ್ತಿ ತೋರಿಸಿದರು. ಒಂದೇ ನೆಲದ ಒಂದೇ ಅಂಕಿಗಳನ್ನು ಬೇರೆ ಬೇರೆ ಕಂಪ್ಯೂಟರ್ ಕ್ರಮವಿಧಿಗಳಿಗೆ ಕೊಟ್ಟರೆ ಬೇರೆ ಬೇರೆ ದೃಶ್ಯವಲಯಗಳು ಬರುತ್ತವೆ ಎಂದು ಅವರು ಕಂಡರು. ಎತ್ತರದ ಅಂಕಿಗಳಲ್ಲಿ ಬರಬಹುದಾದಷ್ಟು ತಪ್ಪನ್ನು ಬೇಕೆಂದೇ ಬೆರೆಸಿ, ನೂರಾರು ಸಲ ಲೆಕ್ಕ ಮಾಡಿ ನೋಡುವ ದಾರಿಯನ್ನೂ ತೋರಿಸಿದರು. ಒಂದು ಜಾಗ ನೂರರಲ್ಲಿ 95 ಸಲ ಕಂಡರೆ ನಂಬಬಹುದು. 50 ಸಲ ಮಾತ್ರ ಕಂಡರೆ ಅಲ್ಲಿಗೆ ಹೋಗಿಯೇ ನೋಡಬೇಕು. ಕಾಣುತ್ತದೆ, ಇಲ್ಲ ಎಂಬ ಎರಡು ಬಣ್ಣಗಳ ನಡುವೆ ಸಂಶಯದ ಮೂರನೆಯ ಬಣ್ಣವೂ ಇರಬೇಕು ಎಂಬುದು ಇದರ ಸಾರ. ಆಂಟೆನಾ ನಿಲ್ಲಿಸುವವರು ನಕ್ಷೆ ನೋಡಿದ ಮೇಲೂ ಆ ಜಾಗಕ್ಕೆ ಹೋಗಿ ಅಳೆಯುವುದು ಇದಕ್ಕಾಗಿಯೇ.

ಎತ್ತರದ ನಕ್ಷೆಗೆ ಕಾಣದ ಇನ್ನೊಂದು ಸಂಗತಿಯೂ ಉಂಟು. ಉಪಗ್ರಹದಿಂದ ನೋಡಿದರೆ ಕಾವಲು ಖಾಲಿ ಬಯಲು. ಕೆಳಗಿನಿಂದ ನೋಡಿದವರಿಗೆ ಅದು ಖಾಲಿಯಲ್ಲ. ಸುತ್ತಲ ಹಳ್ಳಿಗಳ ಕುರಿ, ಅದರ ಉಣ್ಣೆಯಿಂದ ನೇಯುವ ಚಳ್ಳಕೆರೆಯ ಕಂಬಳಿ, ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಎಲ್ಲವೂ ಆ ಹುಲ್ಲನ್ನು ನೆಚ್ಚಿದ್ದವು. ಕಾವಲುಗಳಿಗೆ ಗೋಡೆ ಬಂದಾಗ ಹಳ್ಳಿಗರು ಪ್ರತಿಭಟಿಸಿದರು; ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2014ರಲ್ಲಿ ಮಂಡಳಿ ತೀರ್ಪು ಕೊಟ್ಟಿತು, ಸಂಸ್ಥೆಗಳು ಉಳಿದವು. ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕಾದದ್ದೇ. ಆದರೆ ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಓದುವ ತಪ್ಪನ್ನು ನಕ್ಷೆ ಮಾಡುವುದಿಲ್ಲ. ನಕ್ಷೆ ಓದುವವರು ಮಾಡುತ್ತಾರೆ. ಯಾವ ದಿಬ್ಬದ ಹಿಂದೆ ಎಷ್ಟು ತಗ್ಗಿದೆ, ಎಲ್ಲಿ ನಿಂತರೆ ಮಂದೆ ಪೂರ್ತಿ ಕಣ್ಣಿಗೆ ಸಿಗುತ್ತದೆ ಎಂದು ಆ ನೆಲದಲ್ಲಿ ಐವತ್ತು ವರ್ಷ ನಡೆದಾಡಿದ ಕುರಿಗಾಹಿಯನ್ನು ಕೇಳಿದರೆ, ಮೂರನೆಯ ಬಣ್ಣದ ಎಷ್ಟೋ ಚೌಕಗಳಿಗೆ ಉತ್ತರ ಸಿಗುತ್ತದೆ.

ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು. ಸರ್ವೆ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 20 ಮೀಟರಿಗೊಂದರಂತೆ ಸಮೋನ್ನತ ರೇಖೆಗಳಿರುತ್ತವೆ. ತಮ್ಮ ಊರಿನ ಗುಡ್ಡದಿಂದ ಪಕ್ಕದ ಊರಿಗೆ ಅಡ್ಡಪಟ್ಟಿಯಿಂದ ಗೆರೆ ಎಳೆದು, ಗೆರೆ ದಾಟುವ ಎತ್ತರಗಳನ್ನು ಗ್ರಾಫ್ ಹಾಳೆಗೆ ಇಳಿಸಬೇಕು. ಗುಡ್ಡದ ತುದಿಗೆ ಗುಂಡುಸೂಜಿ ಚುಚ್ಚಿ ಒಂದು ದಾರ ಕಟ್ಟಿ, ದಾರವನ್ನು ಎಳೆದು ಹಿಡಿದು ಮೇಲಕ್ಕೆತ್ತುತ್ತ ಹೋದರೆ ಯಾವುದು ಕಾಣುತ್ತದೆ, ಯಾವುದು ಮರೆ ಎಂದು ತಾನಾಗಿ ತಿಳಿಯುತ್ತದೆ. 10 ಕಿ.ಮೀ. ದಾಟಿದರೆ ಭೂಮಿಯ ಬಾಗನ್ನು ಕಳೆಯುವುದನ್ನು ಮರೆಯಬಾರದು. ಆಮೇಲೆ ಒಂದು ರಜಾ ದಿನ, ಹಾಳೆಯ ಮೇಲೆ ಮರೆ ಎಂದು ಬಂದ ಜಾಗಕ್ಕೆ ನಡೆದು ಹೋಗಿ ಅಲ್ಲಿಂದ ಗುಡ್ಡದ ಕಡೆ ತಿರುಗಿ ನೋಡಬೇಕು. ನೋಟದ ಗೆರೆ ಎರಡು ಕಡೆಯಿಂದಲೂ ಒಂದೇ. ಅಲ್ಲಿಂದ ಗುಡ್ಡದ ತುದಿ ಕಂಡರೆ, ಹಾಳೆಯ ಎತ್ತರಗಳಲ್ಲಿ ಎಲ್ಲೋ ತಪ್ಪಿದೆ ಎಂದು ಅರ್ಥ.